ಇತರೆ

ನನಗಿಂತ ಮೊದಲು ನನ್ನ ಟೇಪು ಬರುತ್ತದೆಂದು
ಕೋಡಿಬಾಗದ ಮಕ್ಕಳು ನಗುತ್ತಾರೆ.
ಐದು ಮೀಟರಿನ ಹಳದಿ ಕೇರೆಹಾವು,
ಹದಿನೇಳು ವರ್ಷದಿಂದ ಅದರ ಬಾಲ ಹಿಡಿದು ನಾನು,
ನಗರಸಭೆಯ ವರ್ಕ್ ಇನ್ಸ್‌ಪೆಕ್ಟರ್.

ನಿಯಮ ಬಾಯಿಪಾಠ:
ಅಂಗಳದಿಂದ ರಸ್ತೆಗಿಳಿಯುವ ದಾರಿ ಮೂರು ಮೀಟರ್ ಮೀರಬಾರದು,
ಇಳಿಜಾರು ತನ್ನ ಗಡಿಯೊಳಗೇ ಮುಗಿಯಬೇಕು,
ಗಟಾರದ ಬಾಯಿ ಕಟ್ಟಬಾರದು, ಕೆಳಗೆ ಪೈಪಿರಬೇಕು,
ಬೆಕ್ಕೊಂದು ಹೊಕ್ಕು ಹೊರಬರುವಷ್ಟು.
ಪುಸ್ತಕದಲ್ಲಿ ಮುನ್ನೂರು ಮಿಲಿಮೀಟರ್ ಎಂದಿದೆ;
ಬೆಕ್ಕು ನಾನು ಸೇರಿಸಿದ್ದು, ಜನಕ್ಕೆ ಬೇಗ ತಿಳಿಯುತ್ತದೆ.
ತಿರುವಿನ ಹತ್ತಿರ ಬೇಡ. ಡಾಂಬರಿನ ಅಂಚು ಒಡೆಯಬೇಡಿ.
ಒಂದು ಮನೆಗೆ ಒಂದೇ ದಾರಿ.

ಎಷ್ಟು ಅಳೆದಿಲ್ಲ!
ಹಬ್ಬುವಾಡದ ಡಾಕ್ಟರರದು ನುಣುಪು ಗ್ರಾನೈಟು,
ಮೊದಲ ಮಳೆಗೆ ಜಾರಿ ಬಿದ್ದವರೂ ಡಾಕ್ಟರರೇ.
ಕಾಜುಬಾಗದಲ್ಲೊಬ್ಬರು ಕಾರು ಕೊಳ್ಳುವ ಮೊದಲೇ ಕಟ್ಟಿಸಿ
ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ, ವರ್ಷ ಆರಾಯಿತು.
ಬೈತಖೋಲದ ಏರಿನಲ್ಲಿ ಒಂದಿದೆ,
ಮಗ ಸ್ಕೂಟರ್ ಹತ್ತಿಸುವಾಗ
ಒಳಗೆ ಅನ್ನ ಬಸಿಯುವವಳೂ ಉಸಿರು ಹಿಡಿಯುತ್ತಾಳೆ.

ಈ ಸಲ ದೂರು ಪೆಡ್ನೇಕರರದು,
ನಿವೃತ್ತ ಹೆಡ್‌ಕ್ಲಾರ್ಕು, ದುಂಡು ಅಕ್ಷರ:
ಪಕ್ಕದ ಬುದವಂತಿ ಹರಿಕಂತ್ರ ಎಂಬುವರು
ವಾಹನವೇ ಇಲ್ಲದೆ ಇಳಿಜಾರು ಹಾಕಿಸಿರುತ್ತಾರೆ,
ಸದರಿ ನೀರು ನನ್ನ ಗೇಟಿನಲ್ಲಿ ನಿಲ್ಲುತ್ತದೆ.

ಹೋದೆ. ಅಳೆದೆ. ನಾಲ್ಕು ಮೀಟರ್ ಅರವತ್ತು.
ಪೈಪು ಇತ್ತು. ಅದರಲ್ಲಿ ಬೆಕ್ಕೂ ಇತ್ತು.
ಫಾರಂ ತೆರೆದು ಕೇಳಿದೆ, ಗಾಡಿ ಯಾವುದು?
ದ್ವಿಚಕ್ರ, ತ್ರಿಚಕ್ರ, ನಾಲ್ಕು ಚಕ್ರ, ಭಾರೀ,
ಕೊನೆಗೆ ಸಣ್ಣಕ್ಷರದಲ್ಲಿ ಇತರೆ.
ಆಕೆ ಸೆರಗಿಗೆ ಕೈ ಒರೆಸಿ
ರಸ್ತೆಯಾಚೆ ಗಾಳಿಮರಗಳ ಸಂದಿಗೆ ಬೆರಳು ಮಾಡಿದಳು.
ಮರಳ ಮೇಲೆ ಪಾತಿ, ಮೂತಿ ನಮ್ಮ ಕಡೆ,
ಪಕ್ಕಕ್ಕೆ ಚಾಚಿದ ಉಲಂಡಿ.

'ಜೂನ್ ಬಂತಂದ್ರೆ ಅದು ಮನೆಗೆ ಬರ್ಬೇಕಲ್ಲ ಸಾಹೇಬ್ರೆ.
ಉಲಂಡಿ ಕಳಚಿದ್ರೆ ಮತ್ತೆ ಕಟ್ಟೂಕೆ ಹಳೇ ಕೈ ಯಾರಿಗದೆ?
ನಿಮ್ಮ ಮೂರು ಮೀಟರಲ್ಲಿ ದೋಣಿ ಹೋಗ್ತದೆ,
ಹಿಡ್ದವರು ಹೋಗೂದಿಲ್ಲ.
ಮೊದ್ಲು ಅಂಗಳದ ಮರಳು, ದಂಡೆ ಮರಳು ಒಂದೇ.
ನೀವು ಡಾಂಬರು ಹಾಕಿದ್ರಿ. ಎತ್ತರ ಮಾಡಿದ್ರಿ.
ಮತ್ತೂ ಎತ್ತರ ಮಾಡಿದ್ರಿ.
ನಾವು ರಸ್ತೆಗೆ ಹೋಗಿ ಸೇರ್ಕೊಂಡದ್ದಲ್ಲ,
ಅದೇ ಬಂದು ನಮ್ಮ ನಡುವೆ ಮಲಗ್ಕೊಂಡದ್ದು.'

ಪುಸ್ತಕ ತಿರುವಿದೆ, ಕಡೆಯ ಪುಟದ ತಿದ್ದೋಲೆವರೆಗೆ.
ಮಲಗಿದ ರಸ್ತೆಯ ಬಗ್ಗೆ ಏನೂ ಇರಲಿಲ್ಲ.

ನೀರಿನ ಮಾತು ಮಾತ್ರ ನಿಜ.
ಅಡ್ಡಕ್ಕೊಂದು ಕಾಲುವೆ ಕೊರೆಸಿ ಎಂದೆ, ಅಂಗೈಯಗಲ.
ಸಾವೇರ್ ಮೇಸ್ತ್ರಿ ಅರ್ಧ ದಿನದಲ್ಲಿ ಮುಗಿಸಿ
ಕೂಲಿಯ ಬದಲು ಒಣಸಿಗಡಿ ಒಯ್ದನಂತೆ.

ಜೂನ್ ಮೂರು, ಗಾಳಿ ಎದ್ದಿತ್ತು.
ಗಟಾರ ನೋಡಲು ಬಂದವನು ನಾನು.
ಹದಿನಾಲ್ಕು ಜನ, ಮೀನೆಣ್ಣೆ ಬಳಿದ ಅಡ್ಡಮರಗಳು,
ಡಾಂಬರಿನ ಮೇಲೇರಿದ ಪಾತಿ
ಬಿಸಿಲಿಗೆ ಬಂದ ಆಮೆಯಂತೆ ಅಲ್ಲೇ ನಿಂತಿತು.
ಎರಡೂ ಕಡೆ ಹಾರ್ನು.
ಕೈಯಲ್ಲಿದ್ದದ್ದು ಟೇಪು. ರಸ್ತೆಗಡ್ಡ ಎಳೆದೆ.
ಆ ತುದಿ ಹಿಡಿಯಲು ಯಾರೂ ಇಲ್ಲ ಎನ್ನುವಾಗ
ಲುಂಗಿ ಎತ್ತಿಕಟ್ಟಿ ಪೆಡ್ನೇಕರರು ಬಂದರು,
ಹಿಡಿದರು, ನನ್ನ ಮುಖ ನೋಡದೆ.
ಟೇಪು ಐದು ಮೀಟರ್, ರಸ್ತೆ ಏಳು.
ಉಳಿದ ಎರಡರಲ್ಲಿ ಒಂದು ಆಟೋ ಮೂಗು ತೂರಿಸಿ
ಬೈಗುಳ ತಿಂದು ಹಿಂದೆ ಸರಿಯಿತು.
ಅಂಚು ಒಂದು ಕಡೆ ತುಸು ಒಡೆಯಿತು.
ನಾನು ಬರೆದುಕೊಳ್ಳಲಿಲ್ಲ.

ಸಂಜೆ ಫಾರಂ ತುಂಬಿದೆ.
ವಾಹನದ ವಿಧ: ಇತರೆ.
ಚಕ್ರಗಳ ಸಂಖ್ಯೆ: ಇಪ್ಪತ್ತೆಂಟು ಕಾಲು.
ಸ್ಪಷ್ಟೀಕರಣ ಕೋರಿ ವಾಪಸು ಬಂದಿದೆ,
ಸಾಹೇಬರ ಹಸಿರು ಶಾಯಿ.
ಇನ್ನೂ ಉತ್ತರಿಸಿಲ್ಲ.
ಟೇಪು ಒಳಸರಿಯುವಾಗ ಈಗ ಕರಕರ ಎನ್ನುತ್ತದೆ,
ಎಲ್ಲೋ ಮರಳು ಸಿಕ್ಕಿದೆ.