ಇನ್ನೂರು ಬಾರ್

ಗೊರೂರು ಅಣೆಕಟ್ಟೆಯ ನಾಲ್ಕನೆಯ ಗೇಟಿನ ಮುಂದೆ
ತೆಪ್ಪ ನಿಲ್ಲಿಸಿಕೊಂಡು ಕೂತಿದ್ದೇನೆ.
ಹಗ್ಗದ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ತುದಿಯಲ್ಲಿ ಜಸಿಂತಾ,
ಗೇಟಿನ ರಬ್ಬರು ಎಲ್ಲಿ ಹರಿದಿದೆಯೆಂದು ಬೆರಳಲ್ಲಿ ತಡವುತ್ತ.

ಇಳಿಯುವ ಮುಂಚೆ ಕೈಗಡಿಯಾರ ತೋರಿಸಿದಳು:
"ನೋಡು ಕೆಂಚಣ್ಣ, ಇನ್ನೂರು ಬಾರ್."
ಸಿಲಿಂಡರಿನ ಕತ್ತಿಗೆ ಹೆಬ್ಬೆರಳಷ್ಟು ಕರಿಯ ಗುಬುಟು;
ತಂತಿಯಿಲ್ಲ, ಕೊಳವೆಯಿಲ್ಲ,
ಒಳಗೆ ಎಷ್ಟು ಉಸಿರಿದೆಯೆಂದು ಅದು ಮಣಿಕಟ್ಟಿಗೆ ಹೇಳುತ್ತದಂತೆ.
ನನಗೆ ಬಾರ್ ಅಂದರೆ
ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನದು ಮಾತ್ರ ಗೊತ್ತಿತ್ತು.

"ನನಗೂ ಒಂದು ಕೊಡಿಸು, ಮೇಲೆ ಕೂತು ನೋಡ್ತೀನಿ" ಎಂದೆ.
ನಕ್ಕಳು. ನೀರಿನೊಳಗೆ ಆ ಮಾತು ಒಂದು ಮಾರು ದಾಟುವುದೇ ಕಷ್ಟ.
ಬೆನ್ನಿಂದ ಕೈಗೆ, ಅಷ್ಟೇ.
ಪಕ್ಕದ ಮನೆಗೂ ಕೇಳದ ಹಾಗೆ
ಗಂಡ ಹೆಂಡಿರು ರಾತ್ರಿ ಸಾಲದ ಲೆಕ್ಕ ಆಡಿದಂತೆ.

ನನ್ನಪ್ಪ, ಬಲೆ ಬೇರಿಗೆ ಸಿಕ್ಕಿಕೊಂಡರೆ,
ಮೂಗು ಹಿಡಿದು ಮುಳುಗುತ್ತಿದ್ದ.
ಎಷ್ಟು ಹೊತ್ತೆಂದು ಅಳೆಯುವವಳು ದಡದ ಮೇಲಿನ ಅವ್ವ;
ಅವಳೂ ಉಸಿರು ಹಿಡಿದಿರುತ್ತಿದ್ದಳು.
ತನಗೆ ತಡೆಯಲಾರದಾದಾಗ ಕೂಗುತ್ತಿದ್ದಳು.
ಅಪ್ಪನಿಗೆ ಕೇಳಿಸುತ್ತಿರಲಿಲ್ಲ.
ಅವಳು ಕೂಗುವುದು ಬಿಡಲಿಲ್ಲ.

ಈಗ ನಾನು ಗುಳ್ಳೆ ಎಣಿಸುತ್ತೇನೆ.
ಒಂದು ಗೊಂಚಲು, ಬಿಡುವು, ಇನ್ನೊಂದು ಗೊಂಚಲು.
ಮೇಲೆ ಕಟ್ಟೆಯಲ್ಲಿ ಇಂಜಿನಿಯರು ಫೋನಿನಲ್ಲಿ ಊಟ ಹೇಳುತ್ತಿದ್ದಾರೆ:
ಎರಡು ಮುದ್ದೆ, ಒಂದು ಚಪಾತಿ.
ನೂರೈವತ್ತು ಇರಬಹುದು. ನೂರಾಹತ್ತು.

ಒಮ್ಮೆ ಹೇಳಿದ್ದಳು:
ಕೆಸರೆದ್ದು, ಕೈ ಚಾಚಿ ತಡವುವಾಗ
ಕೆಲವೊಮ್ಮೆ ಅಂಕಿ ಅಳಿಸಿಹೋಗುತ್ತದೆ,
ಅಲ್ಲಿ ಎರಡು ಗೀಟು ಮಾತ್ರ.
ಹೆದರಬಾರದು. ಕೈಯನ್ನು ಎದೆಗೆ ತಂದುಕೊಳ್ಳಬೇಕು,
ಹೆಗಲ ಹತ್ತಿರಕ್ಕೆ. ಕಾಯಬೇಕು. ಬರುತ್ತದೆ.
"ಬರದಿದ್ದರೆ?"
"ಸೊಂಟದಲ್ಲಿ ಹಳೇ ಮುಳ್ಳಿನ ಮೀಟರು ಇದೆ.
ಅದೂ ಕೈಕೊಟ್ಟರೆ ನೀನು."

ಗುಳ್ಳೆ ತಡವಾಯಿತು.
ಹಗ್ಗ ಸುಮ್ಮನಿದೆ.
ನನ್ನ ಎಡಗೈ ತಾನೇ ಎದ್ದು ಎದೆಯ ಮೇಲೆ ಕೂತಿದೆ;
ಮಣಿಕಟ್ಟಿನಲ್ಲಿ ಬಣ್ಣ ಹೋದ ಒಂದು ಕೆಂಪು ದಾರ.

ಎರಡು ಜಗ್ಗು.
ಎರಡು ಅಂದರೆ ಮೇಲೆ ಬರುತ್ತೇನೆ ಎಂದಲ್ಲ,
ಇನ್ನೂ ಸ್ವಲ್ಪ ಬಿಡು ಎಂದು.
ಬಿಡುತ್ತೇನೆ,
ಒಂದೊಂದೇ ಮೊಳ,
ಕೂಗಲು ಬಾಯಿ ತೆರೆದುಕೊಂಡೇ.