ಕಂದು ಕಾಗದದ ಮೇಲೆ ಮೈತೆ

ಮೀನಂಗಡಿಯ ಕಂದು ಕಾಗದ, ಒಂದೂವರೆ ಗಜ,
ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು
ಶಾಲೆಯಿಂದ ಬಂದಳು ಮೊಮ್ಮಗಳು ಮೈತೆ.
ಬೂಟು ಕೂಡ ಕಳಚದೆ ಒಲೆಯ ಮುಂದೆ ಬಿಚ್ಚಿ ಹರಡಿದಳು:
ಅವಳದೇ ಮೈಯ ಗೆರೆ.
ನೆಲದ ಮೇಲೆ ಮಲಗಿಸಿ, ಸುತ್ತ ಬಳಪ ಎಳೆದವರು
ಟೀಚರ್ ರೊಸಾಲ್ಬಾ ಅಂತೆ.
"ಎಳೆಯೋ ಮುಂಚೆ ಕೇಳಿದ್ರು ಅಜ್ಜಿ, ಎಳೀಲಾ ಅಂತ."

ಆಲೂಗಡ್ಡೆ ಸುಲಿಯುತ್ತಿದ್ದೆ ನಾನು.
ಇದರಲ್ಲಿ ಕೇಳುವುದೇನು ಬಂತು, ಅಂದುಕೊಂಡೆ.
ಈ ಚಿಲೊಯೆ ದ್ವೀಪದಲ್ಲಿ
ಕಡಲು ಕೇಳಿಕೊಂಡು ಬರುತ್ತದೆಯೇ
ನಮ್ಮ ಮನೆಯ ಮರದ ಕಂಬಗಳ ನಡುವೆ?
ದಿನಕ್ಕೆರಡು ಸಲ ಬರುತ್ತದೆ,
ನೆಲದ ಹಲಗೆಯ ಅಡಿಗೆ ಕೈಯಾಡಿಸಿ ಹೋಗುತ್ತದೆ.

ಚಡ್ಡಿ ಮುಚ್ಚುವ ಜಾಗಕ್ಕೆ ಕೆಂಪು. ಎದೆಗೆ ಕೆಂಪು. ತುಟಿಗೂ.
ಅಂಗೈಗೆ ಹಸಿರು.
ಕೆನ್ನೆಗೆ ಮಾತ್ರ ಬಣ್ಣವೇ ಇಲ್ಲ.
"ಕೆನ್ನೆ ಆಯಾ ದಿನ ನೋಡ್ಕೊಂಡು," ಎಂದಳು,
"ದೋಣಿ ಬಿಡ್ತಾರೋ ಇಲ್ವೋ, ಹಾಗೆ."
ಮತ್ತೆ, ಬೆರಳೆತ್ತಿ, ನನಗೇ ಪಾಠ:
"ಹುಟ್ಟುಹಬ್ಬದ ಗುಟ್ಟು ಇಟ್ಕೋಬಹುದು.
ಹೊಟ್ಟೆ ನೋಯಿಸೋ ಗುಟ್ಟು ಇಟ್ಕೋಬಾರ್ದು.
ಒಬ್ರು ನಂಬದಿದ್ರೆ ಇನ್ನೊಬ್ರಿಗೆ ಹೇಳ್ಬೇಕು,
ನಂಬೋರು ಸಿಗೋವರೆಗೆ."

ಸಿಪ್ಪೆ ಉದ್ದಕ್ಕೆ ಬರುತ್ತಿತ್ತು. ತುಂಡಾಯಿತು.

ಭಾನುವಾರ ಹಿತ್ತಲಲ್ಲಿ ಕುರಾಂತೊ.
ಗುಂಡಿಯಲ್ಲಿ ಕಾದ ಕಲ್ಲು, ಮೇಲೆ ಚಿಪ್ಪುಮೀನು, ಹಂದಿಮಾಂಸ,
ಹೊದಿಕೆಗೆ ಕೊಡೆಯಷ್ಟಗಲ ಎಲೆ.
ಹೊಗೆಯ ಜೊತೆಗೇ ನೆಂಟರು.
ನಮ್ಮಲ್ಲಿ ಮುತ್ತೆಂದರೆ ಸುಂಕ ಇದ್ದ ಹಾಗೆ,
ಬಂದಾಗ ಒಂದು, ಹೊರಟಾಗ ಒಂದು.
ರೊಟ್ಟಿಬುಟ್ಟಿಯಂತೆ ಮಕ್ಕಳನ್ನು
ಕೈಯಿಂದ ಕೈಗೆ ದಾಟಿಸುತ್ತೇವೆ.

ಡೋನ್ ಎವರಿಸ್ಟೊ ಬಾಗಿ ಕೆನ್ನೆ ಒಡ್ಡಿದ.
(ಒಳ್ಳೆಯ ಮನುಷ್ಯ, ಹೇಳಿಬಿಡುತ್ತೇನೆ,
ನನ್ನ ಗಂಡನ ಶವ ಕಡಲಿಂದ ತಂದವನು.
ಈ ಮಾತು ಅವನ ಮೇಲಲ್ಲ.)
ಮೈತೆ ಒಂದು ಹೆಜ್ಜೆ ಹಿಂದೆ ಸರಿದಳು, ಕೈ ಚಾಚಿದಳು.
"ಇವತ್ತು ಕೈ."

ಚಮಚಗಳು ನಿಂತವು.
ಮಗಳು ಯೆಸೆನಿಯಾ ಹಲ್ಲು ಕಚ್ಚಿ, "ಮೈತೆ! ಮರ್ಯಾದೆ!"
ನನ್ನ ನಾಲಿಗೆಯ ತುದಿಯಲ್ಲೂ ಅದೇ ಪದ,
ನನ್ನವ್ವ ನನಗೆ ಅಂದದ್ದು, ಅದೇ ದನಿಯಲ್ಲಿ,
ಆ ದಿನ ನಾನು ಬಾಗಿಲ ಹಿಂದಿಂದ ಬರಲೊಲ್ಲದಾಗ.
ನುಂಗಿದೆ.
"ಕೈ ಸಾಕು ಬಿಡೋ ಎವರಿಸ್ಟೊ, ಚಿಪ್ಪು ಆರುತ್ತಿದೆ."
ಅವನು ಕುಲುಕಿದ. ಅವಳು ಮೂರು ಸಲ ಕುಲುಕಿದಳು,
ಬಂದರಿನ ಅಧಿಕಾರಿಯ ಹಾಗೆ.
ಮೊದಲು ನಕ್ಕವನು ಅವನೇ.

ರಾತ್ರಿ, "ಈಗ ನೀನು ಮಲಕ್ಕೋ ಅಜ್ಜಿ."
ನನಗೆ ಒಂದು ಕಾಗದ ಸಾಲಲಿಲ್ಲ,
ಎರಡನ್ನು ಮೈದಾ ಅಂಟಿನಿಂದ ಕೂಡಿಸಿದೆವು.
ಮಂಡಿ ಲಟಲಟ ಎಂದಿತು. ಸೂರಿನ ಮಸಿ ಕಂಡಿತು.
"ಎಳೀಲಾ?"
ಅರವತ್ತೆಂಟು ವರ್ಷ ಈ ಮೈಯನ್ನು
ಹೊತ್ತಿದ್ದೇನೆ, ತೊಳೆದಿದ್ದೇನೆ, ಐದು ಹೆತ್ತಿದ್ದೇನೆ;
ಯಾರೂ ಕೇಳಿರಲಿಲ್ಲ.
ಹೂಂ ಎನ್ನಲು ಎಷ್ಟು ಹೊತ್ತು ಹಿಡಿಯಿತೋ,
ಅವಳು ಅಷ್ಟು ಹೊತ್ತೂ ಕಾದಳು.

ಕೆಂಪು ಪೆನ್ಸಿಲು ನನ್ನ ಕೈಗಿತ್ತಳು.
ಎಡ ಮಣಿಕಟ್ಟಿನ ಸುತ್ತ ಬಳೆಯಂತೆ ಬರೆದೆ,
ಅದರ ಮೇಲೇ ಇನ್ನೊಂದು ಸುತ್ತು, ಮತ್ತೊಂದು,
ಕಾಗದ ಹರಿಯುವ ತನಕ.
"ಅಲ್ಲಿ ಚಡ್ಡಿ ಬರಲ್ವಲ್ಲ ಅಜ್ಜಿ?"
"ಇಲ್ಲ ಕಣೇ. ಅಲ್ಲಿ ಹಿಡಿದಿದ್ದ."

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಆಡದೆ ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ.

ಮೈತೆ ನನ್ನ ಮಣಿಕಟ್ಟು ನೋಡಿದಳು, ಮುಟ್ಟಲಿಲ್ಲ.
"ಅಮ್ಮಂಗೆ ಹೇಳು," ಎಂದಳು, "ಅಮ್ಮ ನಂಬ್ತಾಳೆ."
ಕೆಳಗೆ ಉಬ್ಬರ ಏರುತ್ತಿತ್ತು.
ಪಾತ್ರೆ ತೊಳೆಯುತ್ತಿದ್ದ ಯೆಸೆನಿಯಾ
ನಲ್ಲಿ ನಿಲ್ಲಿಸಿದಳು.