ಅರ್ಧ ಡಿಕ್ಷನರಿ

ಮುಳಬಾಗಿಲಿನ ಬಾಬಾಜಾನ್ ರದ್ದಿ ಅಂಗಡಿಯಲ್ಲಿ
ತಕ್ಕಡಿಗೆ ಬೀಳುವ ಮುಂಚೆ ಸಿಕ್ಕಿತು ನನಗೆ
ರಟ್ಟಿಲ್ಲದೊಂದು ಇಂಗ್ಲಿಷ್ ಡಿಕ್ಷನರಿ.
ಎ ಇಂದ ಎಲ್ ತನಕ ಇಲ್ಲ.
‘ಅದು ಪಾಪಕ್ಕನ ಗಾಡಿಗೆ ಹೋಯ್ತು,
ಕಡಲೆಕಾಯಿ ಪೊಟ್ಟಣಕ್ಕೆ’ ಅಂದ.
ಮಿಕ್ಕಿದ್ದನ್ನು ಹನ್ನೆರಡು ರೂಪಾಯಿಗೆ ಕೊಟ್ಟ.

ಹಾಗಾಗಿ ನನ್ನ ಇಂಗ್ಲಿಷು
ಶುರುವಾಗುವುದೇ ಎಮ್ಮಿನಿಂದ.

ವಡ್ಡಹಳ್ಳಿ ಟಮೋಟ ಮಂಡಿಯಲ್ಲಿ ಚೀಟಿ ಬರೆಯುವವನು ನಾನು.
ಹರಾಜು ಮುಗಿದು ಲಾರಿ ಹೊರಡುವ ನಡುವೆ
ಕ್ರೇಟಿನ ಮೇಲೆ ಕೂತು ಒಂದೊಂದು ಪುಟ.
ಅರ್ಥಕ್ಕಿಂತ, ಅರ್ಥದ ಕೆಳಗೆ
ಇರುವೆಸಾಲಿನಂಥ ಸಣ್ಣ ಅಕ್ಷರದಲ್ಲಿ
ಪದ ಎಲ್ಲಿಂದ ಬಂತು ಅಂತ ಇರುತ್ತಲ್ಲ,
ಅದರ ಹುಚ್ಚು ಹಿಡಿಯಿತು.

ಮಸಲ್ ಅಂದರೆ ಪುಟ್ಟ ಇಲಿಯಂತೆ.
ತೋಳಿನ ಚರ್ಮದಡಿ ಇಲಿಯೊಂದು ಓಡಿದ ಹಾಗೆ
ಕಂಡಿತಂತೆ ರೋಮಿನವರಿಗೆ.
ಹಮಾಲಿ ಚೌಡಪ್ಪ ಹೆಗಲ ಮೇಲೆ ಎರಡು ಕ್ರೇಟು ಇಟ್ಟುಕೊಂಡೇ ಕೇಳಿಸಿಕೊಂಡ.
ಮೊಣಕಾಲ ಕೆಳಗೆ ಗದ್ದದಲ್ಲೇ ತೋರಿಸಿ,
‘ನಮ್ಮದು ಮೀನಖಂಡ.
ಇಲಿ ಅವರಿಗೇ ಇರಲಿ’ ಅಂದ.

ಸ್ಯಾಲರಿಯೊಳಗೆ ಉಪ್ಪಿದೆ.
‘ನನ್ನ ಉಪ್ಪು ತಿಂದು ನನಗೇ ಲೆಕ್ಕ ಹೇಳ್ತೀಯ’
ಅನ್ನುವ ನಮ್ಮ ಸಾಹುಕಾರರು
ಲ್ಯಾಟಿನ್ ಓದಿದವರಲ್ಲ.

ಟಮೋಟ ಬಂದದ್ದು ಮೆಕ್ಸಿಕೋದ ಹಳಬರ ನಾಲಿಗೆಯಿಂದ.
ಅಜ್ಜಿ ಸಾಯುವ ತನಕ ಚಪ್ಪರಬದನೆ ಅಂತಲೇ ಅಂದಳು,
ಒಂದು ದಿನವೂ ಸಾರಿಗೆ ಹಾಕಲಿಲ್ಲ.
ಆರೆಂಜ್ ಮೊದಲು ನಾರಂಗ. ಇಲ್ಲಿಂದಲೇ ಹೊರಟದ್ದು,
ದಾರಿಯಲ್ಲೆಲ್ಲೋ ‘ನ’ ಬೀಳಿಸಿಕೊಂಡಿತು.
ಪದಗಳೂ ಲಾರಿ ಲೋಡಿನ ಹಾಗೆ;
ಹಳ್ಳದಿಣ್ಣೆಯಲ್ಲಿ ಒಂದೆರಡು ಉದುರದೆ ಊರು ಮುಟ್ಟುವುದಿಲ್ಲ.
ನಮ್ಮ ಊರನ್ನೇ ನೋಡಿ:
ಮೂಡಲ ಬಾಗಿಲು ಇದ್ದದ್ದು
ಬಾಯಿಂದ ಬಾಯಿಗೆ ಸವೆದು ಮುಳಬಾಗಿಲು.
ಸೂರ್ಯ ಬರುವ ಬಾಗಿಲಿಗೆ
ಈಗ ಕೇಳಿದವರ ಕಿವಿಯಲ್ಲಿ ಮುಳ್ಳು.

ಆಕ್ಷನ್ ಎಲ್ಲಿಂದ ಬಂತೋ ತಿಳಿಯದು.
ಅದು ಮೊದಲ ಪುಟಗಳ ಮಾತು.

ಆರ್ ಪುಟದಲ್ಲಿ ಒಂದು ದಿನ ಬೆರಳು ನಿಂತಿತು.
ರೈವಲ್.
ಎದುರಾಳಿ, ಗೊತ್ತಿದ್ದದ್ದೇ.
ಕೆಳಗೆ ಇರುವೆಸಾಲು:
ಒಂದೇ ತೊರೆಯ ನೀರು ಬಳಸುವವನು.

ನಮ್ಮಪ್ಪ ನೀರಗಂಟಿ.
ತೂಬು ಎತ್ತುವುದು, ಇಳಿಸುವುದು,
ಯಾರ ಗದ್ದೆಗೆ ಎಷ್ಟು ಹೊತ್ತು ಅಂತ
ನೆರಳು ಅಳೆದು ಹೇಳುವುದು ಅವನ ಕೆಲಸ.
ಒಂದು ಬೇಸಿಗೆ ಬೆಳೆಗೆ
ಅರ್ಧ ಗಳಿಗೆ ಹೆಚ್ಚುಕಮ್ಮಿ ಆಯಿತೆಂದು
ಗಂಗುಲಪ್ಪನವರ ಮನೆಗೂ ನಮಗೂ ಮಾತು ನಿಂತಿತು.
ಅವರು ಮದುವೆಗೆ ಕರೆಯಲಿಲ್ಲ,
ನಾವು ಸಾವಿಗೆ ಹೋಗಲಿಲ್ಲ.
ಆಮೇಲೆ ಕೆರೆ ಒಣಗಿತು, ಅಂಗಳದ ತುಂಬ ಜಾಲಿ ಎದ್ದಿತು,
ಹಂಚಲು ನೀರೇ ಇಲ್ಲದ ಮೇಲೂ
ಜಗಳ ಮಾತ್ರ ಹಸಿಯಾಗಿತ್ತು.

ಮೊನ್ನೆ ಅವರ ಮಗ ವೆಂಕಟರವಣ
ಇಪ್ಪತ್ತು ಕ್ರೇಟು ಇಳಿಸಿ ಕಿಂಡಿಗೆ ಬಂದ.
ಚೀಟಿಗೆ ಹೆಸರು ಬೇಕು.
ಗೊತ್ತಿದ್ದ ಹೆಸರನ್ನೇ ಕೇಳಿದೆ.
ಗೊತ್ತಿಲ್ಲದವನಿಗೆ ಹೇಳುವ ಹಾಗೆ ಹೇಳಿದ,
ತಂದೆ ಹೆಸರೂ ಸೇರಿಸಿ.

ಏನಾಯಿತೋ, ಬಾಯಿ ತಪ್ಪಿ ಆ ಪದ ಹೇಳಿಬಿಟ್ಟೆ,
ಅದರ ಕೆಳಗಿನ ಸಣ್ಣ ಅಕ್ಷರವನ್ನೂ.
ಚೀಟಿ ಹಿಡಿದು ಬಹಳ ಹೊತ್ತು ನಿಂತಿದ್ದ.
‘ಅವರಿಗೂ ಕೆರೆ ಇತ್ತಾ?’ ಅಂದ.
‘ಇದ್ದಿರಬೇಕು.’
‘ನೀರಗಂಟಿ?’
ಅದು ಪುಸ್ತಕದಲ್ಲಿರಲಿಲ್ಲ.

‘ಹಾಗಾದರೆ ಫ್ರೆಂಡ್ ಅಂದರೆ?’
ಎಫ್ ಇಲ್ಲ, ಅಂದೆ.
‘ಎನಿಮಿ?’
ಅದೂ ಇಲ್ಲ. ಎರಡನ್ನೂ
ಪಾಪಕ್ಕನ ಗಿರಾಕಿಗಳು ತಿಂದು ಎಸೆದರು.

ಅವತ್ತು ರೇಟು ಬಿದ್ದಿತ್ತು. ಏನೂ ಅನ್ನದೆ ಹೋದ.

ಇವತ್ತು ಲೋಡು ಇಲ್ಲದೆ ಬಂದಿದ್ದಾನೆ,
ಕೈಯಲ್ಲಿ ಬಿಸಿ ಪೊಟ್ಟಣ.
ಬಿಚ್ಚಿ, ಕಾಳು ಮಡಿಲಿಗೆ ಸುರಿದುಕೊಂಡು
ಮೊದಲು ಕಾಗದ ನೋಡಿದೆ.
ಅವನೂ ಬಗ್ಗಿ ನೋಡಿದ.
ತೆಲುಗು ಪೇಪರು, ಹೋದ ವಾರದ್ದು,
ಮದನಪಲ್ಲಿಯಲ್ಲಿ ಮಳೆ.

ಸಿಪ್ಪೆ ಬಿಡಿಸುತ್ತ ಕೂತೆವು.